ಕೈ ಬಿಗಿಯಾದ ಕಾಲ: ಗೋಕಾಕ ಸೀಮೆಯ ದುಡಿಮೆಗಾರರು

ರೇಡಿಯೋದಲ್ಲಿ ಪೇಟೆಯ ಧಾರಣೆ ಹೇಳತೊಡಗಿದರೆ ನಮ್ಮಲ್ಲಿ ಅನೇಕರು ಎದ್ದು ಬೇರೆ ಕೆಲಸಕ್ಕೆ ಹೋಗುತ್ತೇವೆ. ಹತ್ತಿ ಇಷ್ಟು ಇಳಿಯಿತು, ಬೆಲ್ಲ ಇಷ್ಟು ಏರಿತು ಎಂಬ ಮಾತು ವರ್ತಕರಿಗೆ ಸೇರಿದ್ದು, ನಮಗೇನು ಎಂಬುದು ನಮ್ಮ ಭಾವನೆ. ಆದರೆ ಹತ್ತಿಯ ಧಾರಣೆ ಪೇಟೆಯಲ್ಲಿಯೇ ನಿಂತುಬಿಡುವುದಿಲ್ಲ. ಅದು ಗಿರಣಿಯ ಬಾಗಿಲು ದಾಟಿ ಒಳಗೆ ಹೋಗುತ್ತದೆ. ಒಬ್ಬ ಆಳು ಎಷ್ಟು ಕದಿರುಗಳ ಮೇಲೆ ಕಣ್ಣಿಡಬೇಕು, ಎಷ್ಟು ಹೊತ್ತು ನಿಂತಿರಬೇಕು, ನಾಳೆ ಅವನಿಗೆ ಕೆಲಸ ಉಂಟೋ ಇಲ್ಲವೋ ಎಂಬುದನ್ನು ಅದು ನಿರ್ಧರಿಸುತ್ತದೆ. ಅಲ್ಲಿಂದ ಹೊರಟು ಅವನ ಮನೆಯ ಒಲೆಯವರೆಗೂ ಹೋಗುತ್ತದೆ. ಹಣದ ಬಿಕ್ಕಟ್ಟು ದುಡಿಯುವವನಲ್ಲಿಗೆ ಬರುವಾಗ ಹಣದ ರೂಪದಲ್ಲಿ ಮಾತ್ರ ಬರುವುದಿಲ್ಲ, ಕೆಲಸದ ರೂಪದಲ್ಲಿ ಬರುತ್ತದೆ. ಈ ಮಾತನ್ನು ನಮ್ಮ ನಾಡಿನ ಒಂದು ಹೊಳೆಯ ದಂಡೆಯ ಚರಿತ್ರೆಯಿಂದ ನಿಮಗೆ ತೋರಿಸಬೇಕೆಂದು ನನ್ನ ಅಪೇಕ್ಷೆ.

ಆ ಹೊಳೆ ಘಟಪ್ರಭೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿ ಸೀಮೆಯನ್ನು ದಾಟಿ, ಗೋಕಾಕದ ಹತ್ತಿರ ಸುಮಾರು 170 ಅಡಿ ಕೆಳಗೆ ಧುಮುಕುತ್ತದೆ. ಜಲಪಾತವನ್ನು ನೋಡಲು ನೀವು ಹೋಗಿರಬಹುದು. ಮಳೆಗಾಲದಲ್ಲಿ ಕೆಂಪು ನೀರು ಕುದುರೆಯ ಲಾಳದ ಆಕಾರದ ಬಂಡೆಯಿಂದ ಬೀಳುವುದನ್ನೂ, ಮೇಲೆ ತೂಗುಸೇತುವೆ ಅಲುಗುವುದನ್ನೂ ಕಂಡು, ಕೈಯಲ್ಲಿ ಕರದಂಟಿನ ಪೊಟ್ಟಣ ಹಿಡಿದು ಮರಳಿರಬಹುದು. ಅಲ್ಲಿಯೇ ದಂಡೆಯ ಮೇಲೆ ನಿಂತಿರುವ ಗಿರಣಿಯ ಉದ್ದನೆಯ ಕಟ್ಟಡಗಳನ್ನು ಮಾತ್ರ ಪ್ರವಾಸಿಗರು ಅಷ್ಟಾಗಿ ಗಮನಿಸುವುದಿಲ್ಲ. ನಮ್ಮ ಕತೆ ಇರುವುದು ಆ ಕಟ್ಟಡಗಳಲ್ಲಿ.

ಗಿರಣಿ ಬರುವ ಮೊದಲೂ ಈ ಸೀಮೆಯಲ್ಲಿ ನೂಲು ಇತ್ತು, ಮಗ್ಗ ಇತ್ತು. ಗೋಕಾಕ ಒಂದು ಕಾಲಕ್ಕೆ ನೇಯ್ಗೆಗೂ ಬಣ್ಣಗಾರಿಕೆಗೂ ಹೆಸರಾದ ಊರು. ಒರಟು ಕಾಗದವನ್ನೂ ಅಲ್ಲಿ ಮಾಡುತ್ತಿದ್ದರು, ಮರದ ಬೊಂಬೆಗಳನ್ನಂತೂ ಸರಿಯೇ ಸರಿ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಾಯತಿ ನೂಲು ಮತ್ತು ವಿಲಾಯತಿ ಬಟ್ಟೆ ಬಂದು ಈ ಕಸುಬುಗಳನ್ನು ಮೆಲ್ಲಗೆ ಸವೆಸಿದವು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ, ಧಾರವಾಡ ಬೆಳಗಾವಿ ಸೀಮೆಯ ಹತ್ತಿಗೆ ಕಂಡರಿಯದ ಧಾರಣೆ ಬಂದಿತು. ಯುದ್ಧ ಮುಗಿಯಿತು, ಧಾರಣೆ ಬಿದ್ದಿತು. ಅದರ ಮೇಲೆ ಹನ್ನೆರಡು ವರ್ಷ ಕಳೆಯುವುದರೊಳಗೆ 1876-77ರ ಮಹಾಕ್ಷಾಮ. 1872ರ ಜನಗಣತಿಗಿಂತ 1881ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ತಲೆಗಳು ಕಡಮೆಯಾದವು ಎಂದರೆ ಆ ಬರದ ಸ್ವರೂಪ ನಿಮಗೆ ತಿಳಿದೀತು.

ಬರಗಾಲದಲ್ಲಿ ನೇಕಾರನ ಸ್ಥಿತಿ ವಿಚಿತ್ರವಾದುದು. ಒಕ್ಕಲಿಗನಿಗೆ ಬೆಳೆ ಹೋದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ನೇಕಾರನ ಮಗ್ಗ ಮಾತ್ರ ಹಾಗೆಯೇ ನಿಂತಿರುತ್ತದೆ, ಕೈಯೂ ಗಟ್ಟಿಯಾಗಿರುತ್ತದೆ. ಆದರೆ ಕಾಳಿನ ಬೆಲೆ ಏರಿದಾಗ ಜನರು ಮೊದಲು ಬಿಡುವುದು ಬಟ್ಟೆಯನ್ನು. ಹರಿದುದನ್ನೇ ಹೊಲಿದು ಉಡುತ್ತಾರೆ. ಹೀಗಾಗಿ ನೇಕಾರ ಎರಡು ಕಡೆಯಿಂದ ಸಿಕ್ಕಿಬೀಳುತ್ತಾನೆ: ತಾನು ಕೊಳ್ಳುವ ಜೋಳ ತುಟ್ಟಿ, ತಾನು ಮಾರುವ ಸೀರೆಗೆ ಗಿರಾಕಿಯೇ ಇಲ್ಲ. ಪರಿಹಾರ ಕಾಮಗಾರಿಗೆ ಹೋಗಿ ಕಲ್ಲು ಒಡೆದರೆ ಬೆರಳು ಒರಟಾಗುತ್ತದೆ. ಒರಟು ಬೆರಳಿಗೆ ಮತ್ತೆ ಸಣ್ಣ ನೂಲು ಹಿಡಿಯದು. ಬರ ಹೋದ ಮೇಲೂ ಅನೇಕ ಮಗ್ಗಗಳು ಮೊದಲಿನಂತೆ ಆಡದೆ ಉಳಿಯಲು ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಇಂಥ ನೆಲಕ್ಕೆ ಗಿರಣಿ ಬಂದಿತು. ಮುಂಬಯಿಯ ಫೋರ್ಬ್ಸ್ ಮನೆತನದ ವ್ಯಾಪಾರಿ ಸಂಸ್ಥೆಯ ಆಶ್ರಯದಲ್ಲಿ 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು; 1887ರಲ್ಲಿ ಗಿರಣಿಯ ಕೆಲಸ ಆರಂಭವಾಯಿತು. ಸುತ್ತಲೂ ಹತ್ತಿಯ ಎರೆಭೂಮಿ, ಆಗ ತಾನೇ ಹಾಕುತ್ತಿದ್ದ ದಕ್ಷಿಣ ಮರಾಠಾ ರೈಲುಮಾರ್ಗ, ಧೂಪದಾಳದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡು, ಎಲ್ಲಕ್ಕಿಂತ ಹೆಚ್ಚಾಗಿ ಕಾಸು ಕೊಡದೆ ದೊರೆಯುವ ಜಲಪಾತದ ಬಲ. ಕಂದರದ ಬುಡದಲ್ಲಿ ಜಲಚಕ್ರಗಳನ್ನಿರಿಸಿ, ಅವುಗಳ ಬಲವನ್ನು ಹಗ್ಗಗಳ ಮೂಲಕ ಮೇಲಿನ ಗಿರಣಿಗೆ ಒಯ್ಯುವ ಏರ್ಪಾಡು ಮೊದಲಲ್ಲಿ ಇದ್ದಿತು. ಭಾರತದ ಜಲವಿದ್ಯುತ್ತಿನ ಕತೆ ಇಲ್ಲಿಂದಲೇ ಶುರುವಾಯಿತೆಂದು ಆ ಕಡೆಯವರು ಅಭಿಮಾನದಿಂದ ಹೇಳುತ್ತಾರೆ. ಅವರ ಅಭಿಮಾನ ಅವರಿಗಿರಲಿ. ನಮಗೆ ಇಲ್ಲಿ ಬೇಕಾದದ್ದು ಆ ಚಕ್ರದ ಮೇಲಿನ ಮನುಷ್ಯ.

ಅವನು ಎಲ್ಲಿಂದ ಬಂದನು? ದೂರದಿಂದಲ್ಲ. ಕೊಣ್ಣೂರ, ಗೋಕಾಕ, ಸುತ್ತಲಿನ ಹಳ್ಳಿಗಳಿಂದ ಬಂದನು. ಮುಂಬಯಿಯ ಗಿರಣಿಗೆ ಹೋದ ರತ್ನಾಗಿರಿಯವನು ಊರು ಬಿಟ್ಟು ಹೋಗಬೇಕಾಗಿತ್ತು. ಗೋಕಾಕದವನಿಗೆ ಹೊಲ, ಮನೆದೇವರು, ಅಕ್ಕನ ಗಂಡನ ಮನೆ ಎಲ್ಲವೂ ಕೂಗಳತೆಯಲ್ಲಿಯೇ ಇದ್ದವು. ಇದು ಒಂದು ದೃಷ್ಟಿಯಿಂದ ಭಾಗ್ಯ. ಗಿರಣಿ ನಿಂತ ದಿನ ಅಣ್ಣನ ಮನೆಯಲ್ಲಿ ಒಂದು ರೊಟ್ಟಿಯಾದರೂ ಸಿಕ್ಕೀತು. ಇನ್ನೊಂದು ದೃಷ್ಟಿಯಿಂದ ನೋಡಿದರೆ, ಮಳೆ ತಪ್ಪಿದ ವರ್ಷ ಅಣ್ಣನೂ ಗಿರಣಿಯ ಬಾಗಿಲಿಗೇ ಬರುತ್ತಾನೆ. ಬಾಗಿಲಲ್ಲಿ ಜನ ಹೆಚ್ಚಾದಷ್ಟೂ ಒಳಗಿನವನ ಪಗಾರಕ್ಕೆ ಬೆಲೆ ಕಡಮೆ. ಹೊಲ ಮತ್ತು ಗಿರಣಿ ಒಂದನ್ನೊಂದು ಆಧರಿಸುವ ಎರಡು ಕಂಬಗಳೆಂದು ನಾವು ತಿಳಿಯುತ್ತೇವೆ. ಕೆಟ್ಟ ಕಾಲದಲ್ಲಿ ಎರಡೂ ಒಂದೇ ಕಡೆಗೆ ವಾಲುತ್ತವೆ.

ಕೆಟ್ಟ ಕಾಲ ಬೇಗನೆ ಬಂದಿತು. 1893ರಲ್ಲಿ ಸರಕಾರ ಟಂಕಸಾಲೆಯಲ್ಲಿ ಬೆಳ್ಳಿಯ ನಾಣ್ಯವನ್ನು ಜನರಿಗೆ ಮುಕ್ತವಾಗಿ ಮುದ್ರಿಸಿಕೊಡುವುದನ್ನು ನಿಲ್ಲಿಸಿತು. ಬೆಳ್ಳಿಯಲ್ಲಿಯೇ ವ್ಯವಹರಿಸುತ್ತಿದ್ದ ಚೀನಾ ದೇಶಕ್ಕೆ ನಮ್ಮ ನೂಲು ತುಟ್ಟಿಯಾಯಿತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದು ಗಿರಣಿಗಳ ಆಳುಗಳು ಊರು ಬಿಟ್ಟು ಓಡಿದರು. 1899-1900ರಲ್ಲಿ ಮತ್ತೆ ಬರ. 1900ರಲ್ಲಿ ಚೀನಾದಲ್ಲಿ ದಂಗೆಯೆದ್ದು ನೂಲಿನ ರಾಶಿ ಬಂದರುಗಳಲ್ಲಿ ಕೊಳೆಯಿತು. ಇಲಾಖೆಯ ನೂಲಿನ ಗಿರಣಿಗಳು ವಾರದಲ್ಲಿ ಕೆಲವೇ ದಿನ ನಡೆಯತೊಡಗಿದವು. ಚೀನಾದ ದಂಗೆಗೂ ನಮ್ಮ ಇಲಾಖೆಯ ಒಬ್ಬ ಆಳಿನ ಊಟಕ್ಕೂ ಸಂಬಂಧವಿದೆಯೆಂದು ಆ ಆಳಿಗೆ ಯಾರೂ ಹೇಳಿರಲಾರರು. ಅವನಿಗೆ ತಿಳಿದದ್ದು ಇಷ್ಟೇ: ಈ ವಾರ ಭೋಂಗಾ ಎಲ್ಲ ದಿನವೂ ಕೂಗಲಿಲ್ಲ.

ಗೋಕಾಕದಲ್ಲಿ ಇದರ ಜೊತೆಗೆ ಹೊಳೆಯ ಮರ್ಜಿ ಬೇರೆ. ಮಳೆಗಾಲದಲ್ಲಿ ಸೊಕ್ಕಿ ಹರಿಯುವ ಘಟಪ್ರಭೆ ಬೇಸಗೆಯಲ್ಲಿ ಬಡವಾಗುತ್ತದೆ. ನೀರಿನ ಬಲದ ಮೇಲೆ ನಿಂತ ಕಾರಖಾನೆಗೆ ಪೇಟೆಯೊಂದೇ ಯಜಮಾನನಲ್ಲ, ನದಿಯೂ ಒಬ್ಬ ಯಜಮಾನ. ಧೂಪದಾಳದ ಒಡ್ಡಿನ ನೀರು ಹೊಲಕ್ಕೂ ಬೇಕು, ಚಕ್ರಕ್ಕೂ ಬೇಕು.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಪೇಟೆ ಬಿದ್ದಾಗ ಕಾರ್ಮಿಕನಿಗೆ ಕಷ್ಟ. ಹಾಗಾದರೆ ಪೇಟೆ ಎದ್ದಾಗ ಸುಖವೇ? 1905ರ ಸುಮಾರಿಗೆ ನೂಲಿಗೆ ಒಳ್ಳೆಯ ಬೇಡಿಕೆ ಬಂದಿತು. ಆಗ ತಾನೇ ಮುಂಬಯಿಯ ಗಿರಣಿಗಳಿಗೆ ವಿದ್ಯುದ್ದೀಪಗಳೂ ಬಂದಿದ್ದವು. ಅದುವರೆಗೆ ಸೂರ್ಯ ಮುಳುಗಿದರೆ ಕೆಲಸ ನಿಲ್ಲಲೇಬೇಕಾಗಿತ್ತು. ದೀಪ ಬಂದ ಮೇಲೆ ಹದಿನೈದು ಗಂಟೆಗಳ ದುಡಿಮೆ ಅಲ್ಲಿ ಸಾಮಾನ್ಯವಾಯಿತು. 1881 ಮತ್ತು 1891ರ ಕಾರಖಾನೆ ಕಾಯದೆಗಳು ಮಕ್ಕಳ ಮತ್ತು ಹೆಂಗಸರ ಹೊತ್ತಿಗೆ ಮಿತಿ ಹಾಕಿದ್ದವೇ ಹೊರತು ಬೆಳೆದ ಗಂಡಾಳಿನ ಹೊತ್ತಿಗೆ ಯಾವ ಮಿತಿಯೂ ಇರಲಿಲ್ಲ. ಕೂಗು ಎದ್ದು, ವಿಚಾರಣೆಗಳು ನಡೆದು, 1911ರ ಕಾಯದೆಯಲ್ಲಿ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ ಹನ್ನೆರಡು ಗಂಟೆ ಎಂದಾಯಿತು. 1922ರಲ್ಲಿ ಹನ್ನೊಂದು, 1934ರಲ್ಲಿ ಹತ್ತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯದೆಯಲ್ಲಿ ವಾರಕ್ಕೆ ನಾಲ್ವತ್ತೆಂಟು ಗಂಟೆ. ಪೇಟೆ ಬಿದ್ದಾಗ ಅವನ ಪಗಾರ ಹೋಗುತ್ತದೆ, ಪೇಟೆ ಎದ್ದಾಗ ಅವನ ನಿದ್ದೆ ಹೋಗುತ್ತದೆ. ಒಂದೊಂದು ಗಂಟೆ ಇಳಿಯಲು ಎಷ್ಟು ವರ್ಷ ಹಿಡಿಯಿತು, ನೀವೇ ಲೆಕ್ಕ ಹಾಕಿ ನೋಡಿ.

1920ರ ದಶಕದ ಕೊನೆಗೆ ಬಿಕ್ಕಟ್ಟು ಇನ್ನೊಂದು ವೇಷದಲ್ಲಿ ಬಂದಿತು. ಜಪಾನಿನ ಪೈಪೋಟಿಯಿಂದ ಕಂಗೆಟ್ಟ ಮುಂಬಯಿಯ ಗಿರಣಿಗಳು ‘ದಕ್ಷತೆ’ ಎಂಬ ಹೊಸ ಮಾತನ್ನು ತಂದವು. ಮೊದಲು ಒಬ್ಬ ನೂಲುವವನು ಕದಿರುಯಂತ್ರದ ಒಂದು ಮಗ್ಗುಲನ್ನು ನೋಡಿಕೊಳ್ಳುತ್ತಿದ್ದರೆ, ಈಗ ಎರಡು ಮಗ್ಗುಲು ನೋಡಬೇಕು. ಎರಡು ಮಗ್ಗ ನೋಡುವವನು ಮೂರು ನೋಡಬೇಕು. ಪಗಾರ ತುಸು ಏರುತ್ತದೆ, ಆದರೆ ಕೆಲಸದ ಆಳು ಅರ್ಧವಾಗುತ್ತದೆ. 1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಮುಂಬಯಿಯಲ್ಲಿ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ್ದು ಮುಖ್ಯವಾಗಿ ಈ ಕಾರಣಕ್ಕೆ.

ಹೊರಗಿನಿಂದ ನೋಡುವವನಿಗೆ ಇದೇನು ಮಹಾ ಎನಿಸಬಹುದು. ನಿಂತಲ್ಲಿ ನಿಂತು ಯಂತ್ರ ನೋಡುವುದು ತಾನೇ? ಆದರೆ ನೂಲುವ ಖಾತೆಯಲ್ಲಿ ದುಡಿದವರನ್ನು ಕೇಳಿ. ಎಳೆ ಯಾವಾಗ ಹರಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಹರಿದೊಡನೆ ಬೆರಳಿನಿಂದ ಜೋಡಿಸಬೇಕು. ಹತ್ತಿ ಕಳಪೆಯಾದಷ್ಟೂ ಎಳೆ ಹೆಚ್ಚು ಹರಿಯುತ್ತದೆ. ಕೈ ಬಿಗಿಯಾದ ಮಾಲಕ ಅಗ್ಗದ ಹತ್ತಿ ತರಿಸುತ್ತಾನೆ. ಅಂದರೆ ಯಾವ ಕಾಲದಲ್ಲಿ ಆಳು ಎರಡು ಮಗ್ಗುಲು ನೋಡಬೇಕಾಗುತ್ತದೆಯೋ ಅದೇ ಕಾಲದಲ್ಲಿ ಪ್ರತಿ ಮಗ್ಗುಲಿನಲ್ಲಿಯೂ ಹೆಚ್ಚು ಎಳೆ ಹರಿಯುತ್ತದೆ. ಗಾಳಿಯಲ್ಲಿ ಹತ್ತಿಯ ಹೂಳು, ನೂಲು ಒಣಗದಿರಲೆಂದು ಇರಿಸಿದ ತೇವ, ಕಿವಿಗಡಚಿಕ್ಕುವ ಸದ್ದು. ದಣಿದ ಕಣ್ಣು ತಪ್ಪುತ್ತದೆ. ತಪ್ಪಿದ ಕಣ್ಣಿಗೆ ದಂಡ. ದಂಡದ ಹೆಸರಿನಲ್ಲಿ ಪಗಾರದಿಂದ ಎಷ್ಟು ಬೇಕಾದರೂ ಮುರಿದುಕೊಳ್ಳುವುದನ್ನು ತಡೆಯುವ ಕಾಯದೆ ಬಂದದ್ದು 1936ರಲ್ಲಿ.

1929ರ ಕೊನೆಯಿಂದ ಜಗತ್ತನ್ನೆಲ್ಲ ಆವರಿಸಿದ ಮುಗ್ಗಟ್ಟು ನಮ್ಮ ಎರೆಭೂಮಿಗೂ ಬಂದಿತು. ಹತ್ತಿಯ ಧಾರಣೆ ಎರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಕುಸಿಯಿತು. ಭೂಕಂದಾಯ ಮಾತ್ರ ರೂಪಾಯಿ ಲೆಕ್ಕದಲ್ಲಿ ಹಾಗೆಯೇ ಇತ್ತು. ಒಂದು ಚೀಲ ಮಾರಿ ಕಟ್ಟುತ್ತಿದ್ದ ಕಂದಾಯಕ್ಕೆ ಈಗ ಎರಡು ಚೀಲ ಮಾರಬೇಕು. ಇಂಥ ಹೊತ್ತಿನಲ್ಲಿ ಹಳ್ಳಿಯ ಕಿರಿಯ ಮಗ ಗಿರಣಿಯ ದಾರಿ ಹಿಡಿಯುತ್ತಾನೆ. ಅವನಿಗೆ ಸಿಗುವುದು ಬದಲಿಯ ಕೆಲಸ. ಬದಲಿ ಎಂದರೆ ಬೆಳಗಿನ ಪಾಳಿಗೆ ಬಾಗಿಲಲ್ಲಿ ಬಂದು ನಿಂತಿರಬೇಕು. ಯಾರಾದರೂ ಬಾರದಿದ್ದರೆ ಒಳಗೆ ಕರೆಯುತ್ತಾರೆ. ಎಲ್ಲರೂ ಬಂದರೆ ತಂದ ಬುತ್ತಿಯನ್ನು ಹಾಗೆಯೇ ಮನೆಗೆ ಒಯ್ಯಬೇಕು.

ಒಳಗೆ ಕರೆಯುವವನು ಯಾರು? ಮುಕಾದಮ. ಆ ಕಾಲದ ಗಿರಣಿಗಳಲ್ಲಿ ಆಳು ಹಿಡಿಯುವವನೂ ಅವನೇ, ಬಿಡಿಸುವವನೂ ಅವನೇ. ಭಾರತದ ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಲು 1929ರಲ್ಲಿ ನೇಮಕವಾದ ರಾಯಲ್ ಕಮಿಶನ್ 1931ರಲ್ಲಿ ಕೊಟ್ಟ ವರದಿಯಲ್ಲಿ, ಕೆಲಸ ಕೊಡಿಸಲು ಮುಕಾದಮರು ಲಂಚ ತೆಗೆದುಕೊಳ್ಳುವುದು ಬಹುತೇಕ ಎಲ್ಲೆಡೆ ಇದೆಯೆಂದು ಹೇಳಿತು. ಕೆಲಸ ವಿರಳವಾದಷ್ಟೂ ಮುಕಾದಮನ ಕೈ ಭಾರವಾಗುತ್ತದೆ. ಬಿಕ್ಕಟ್ಟು ಬಂದಾಗ ಕಾರ್ಮಿಕನಿಗೂ ಮಾಲಕನಿಗೂ ನಡುವೆ ಜಗಳವಾಗುತ್ತದೆಂದು ಪುಸ್ತಕಗಳು ಹೇಳುತ್ತವೆ. ಅದು ನಿಜ, ಆದರೆ ಅದಕ್ಕಿಂತ ಮೊದಲು ಕಾರ್ಮಿಕನಿಗೂ ಕಾರ್ಮಿಕನಿಗೂ ನಡುವೆ ಮನಸ್ಸು ಕೆಡುತ್ತದೆ. ಕಾಯಂ ಆಳಿಗೆ ಜ್ವರ ಬಂದರೆ ಬದಲಿಯವನಿಗೆ ಊಟ. ಪಕ್ಕದವನ ಆರೋಗ್ಯವೇ ತನ್ನ ಹಸಿವಾಗುವ ಈ ಸ್ಥಿತಿಗಿಂತ ಹೀನವಾದುದು ಯಾವುದಿದೆ?

ಅದೇ ವರದಿ ಸಾಲದ ಬಗ್ಗೆಯೂ ಒಂದು ಲೆಕ್ಕ ಕೊಟ್ಟಿತು. ಬಹುತೇಕ ಕೈಗಾರಿಕಾ ಊರುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟು ಕುಟುಂಬಗಳು ಸಾಲದಲ್ಲಿದ್ದವು. ಆ ಸಾಲ ಹೆಚ್ಚಿನವರಲ್ಲಿ ಮೂರು ತಿಂಗಳ ಪಗಾರವನ್ನು ಮೀರಿತ್ತು. ಮೂರು ತಿಂಗಳ ಪಗಾರ! ಅದರ ಮೇಲಿನ ಬಡ್ಡಿಯೊಂದಿಗೆ ನೋಡಿದರೆ ಅವನು ದುಡಿಯುತ್ತಿದ್ದುದು ಯಾರಿಗೆ ಎಂಬ ಸಂದೇಹ ಬರುತ್ತದೆ.

ಇಂಥ ಸಾಲದ ಒಂದು ಮುಖವನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಗಿರಣಿಯ ಊರೊಂದರಲ್ಲಿ ನಮ್ಮ ಸೋದರಮಾವನದೊಂದು ಕಿರಾಣಿ ಅಂಗಡಿ ಇತ್ತು. ಅಂಗಡಿಯ ಉದ್ರಿ ವಹಿ ಕೆಂಪು ಬಟ್ಟೆಯ ರಟ್ಟಿನದು. ಮಾವ ಪತ್ರಿಕೆ ಓದುತ್ತಿರಲಿಲ್ಲ. ಗಿರಣಿಯಲ್ಲಿ ಏನು ನಡೆದಿದೆ ಎಂಬುದು ಅವನಿಗೆ ವಹಿಯಿಂದಲೇ ತಿಳಿಯುತ್ತಿತ್ತು. ಮೊದಲು ಬೆಲ್ಲ ಮತ್ತು ಚಹಪುಡಿ ಅರ್ಧಕ್ಕೆ ಇಳಿಯುತ್ತಿದ್ದವು. ಆಮೇಲೆ ಎಣ್ಣೆ. ಆಮೇಲೆ ಪಾಟಿ, ಬಳಪ, ಸಾಬೂನು ಎಂಬ ಹೆಸರುಗಳೇ ವಹಿಯಿಂದ ಮರೆಯಾಗುತ್ತಿದ್ದವು. ಜೋಳ ಮಾತ್ರ ಕೊನೆಯವರೆಗೂ ಉಳಿಯುತ್ತಿತ್ತು. ಇನ್ನೊಂದು ಸಂಗತಿಯನ್ನೂ ಮಾವ ಹೇಳುತ್ತಿದ್ದ: ಬಟವಡೆ ಸರಿಯಾಗಿದ್ದಾಗ ಅಂಗಡಿಗೆ ಗಂಡಸರು ಬರುತ್ತಾರೆ, ಬಟವಡೆ ತಪ್ಪಿದರೆ ಹೆಂಗಸರನ್ನು ಕಳಿಸುತ್ತಾರೆ, ಅದೂ ತಪ್ಪಿದರೆ ಮಕ್ಕಳನ್ನು. ಇಲ್ಲವೆನ್ನಲು ಅಂಗಡಿಯವನಿಗೆ ಕಷ್ಟವಾಗಲೆಂದು. ಮಾವನಿಗೂ ಕಷ್ಟವಾಗುತ್ತಿತ್ತು, ಆದರೆ ಅವನೂ ಸಾವಕಾರನಿಗೆ ಉತ್ತರ ಕೊಡಬೇಕಲ್ಲ.

ನಮ್ಮ ಕಡೆ ಇಂಥ ಸಂಗತಿಗಳನ್ನು ಯಾರೂ ಕುಳಿತು ಬರೆದಿಡಲಿಲ್ಲ. ಆದರೆ ಅದೇ ಮುಗ್ಗಟ್ಟಿನ ಕಾಲದಲ್ಲಿ ಬೇರೊಂದು ದೇಶದಲ್ಲಿ ಬರೆದಿಟ್ಟರು. ಆಸ್ಟ್ರಿಯಾದ ವಿಯೆನ್ನಾ ನಗರದ ಹತ್ತಿರ ಮರೀನ್‌ಟಾಲ್ ಎಂಬ ಸಣ್ಣ ಊರು. ಗೋಕಾಕ ಫಾಲ್ಸಿನಂತೆಯೇ ಅದೂ ಒಂದು ಬಟ್ಟೆ ಕಾರಖಾನೆಯ ಸುತ್ತ ಬೆಳೆದದ್ದು. 1929-30ರಲ್ಲಿ ಆ ಕಾರಖಾನೆ ಮುಚ್ಚಿತು. ಮರೀ ಯಹೋಡಾ ಮೊದಲಾದ ತರುಣ ಸಂಶೋಧಕರು ಅಲ್ಲಿಗೆ ಹೋಗಿ, ಜನರೊಡನೆ ಬೆರೆತು, 1933ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಕೆಲಸವಿಲ್ಲದವನಿಗೆ ಹೊತ್ತು ಬೇಕಾದಷ್ಟಿರುತ್ತದೆ, ಓದಿಯಾನು, ಸಭೆಗೆ ಹೋದಾನು ಎಂದು ನಾವು ಊಹಿಸುತ್ತೇವೆ. ಆದದ್ದು ಬೇರೆ. ಊರಿನ ವಾಚನಾಲಯದಿಂದ ಒಯ್ಯುವ ಪುಸ್ತಕಗಳ ಸಂಖ್ಯೆ ಎರಡು ವರ್ಷಗಳಲ್ಲಿ ಅರ್ಧದಷ್ಟಕ್ಕೆ ಇಳಿಯಿತು. ಪುಸ್ತಕಕ್ಕೆ ಕಾಸು ಕೊಡಬೇಕಾಗಿಲ್ಲ ಎಂದರೂ ಇಳಿಯಿತು. ಬೀದಿಯಲ್ಲಿ ಗಂಡಸರು ನಡೆಯುವ ವೇಗವನ್ನು ಸಹ ಅವರು ಅಳೆದರು. ಗಂಡಸರು ನಿಂತು ನಿಂತು ಮೆಲ್ಲಗೆ ನಡೆಯುತ್ತಿದ್ದರು; ಹೆಂಗಸರು ಮಾತ್ರ ಬೇಗ ಬೇಗ ಹೋಗುತ್ತಿದ್ದರು. ಕಾರಣ ಸರಳವಾಗಿದೆ. ಕಾರಖಾನೆ ಮುಚ್ಚಿತು, ಅಡಿಗೆಮನೆ ಮುಚ್ಚಲಿಲ್ಲ.

ಗೋಕಾಕದ ಗಿರಣಿ ಹಾಗೆ ಮುಚ್ಚಿಹೋಗಲಿಲ್ಲ, ಅದು ಈ ಸೀಮೆಯ ಪುಣ್ಯ. ನೂರು ವರ್ಷಗಳಿಗೂ ಮೀರಿ ಅದು ನೂಲು ತೆಗೆಯಿತು. ಅಂದಿನ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿಯ ಕಾಯದೆಗಳ ಪ್ರಯೋಜನವೂ ಇಲ್ಲಿಯ ಕಾರ್ಮಿಕರಿಗೆ ದೊರೆಯುತ್ತಿತ್ತು. ಹೆರಿಗೆಯ ಕಾಲದಲ್ಲಿ ಕಾರಖಾನೆಯ ಹೆಂಗಸರಿಗೆ ಹಣಸಹಾಯ ಕೊಡುವ ಕಾಯದೆ ದೇಶದಲ್ಲಿ ಮೊಟ್ಟಮೊದಲು ಆದದ್ದು ಮುಂಬಯಿ ಪ್ರಾಂತದಲ್ಲಿ, 1929ರಲ್ಲಿ. ಶಾಸನಸಭೆಯಲ್ಲಿ ಅದರ ಪರವಾಗಿ ವಾದಿಸಿದವರಲ್ಲಿ ಡಾ. ಅಂಬೇಡಕರರೂ ಒಬ್ಬರು. 1934ರ ಏಪ್ರಿಲಿನಲ್ಲಿ ಪಗಾರದ ಕಡಿತದ ವಿರುದ್ಧ ಮುಂಬಯಿಯಲ್ಲಿ ಮತ್ತೊಂದು ಮುಷ್ಕರವಾಯಿತು. 1937ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಮಂಡಲ ಪ್ರಾಂತದ ಬಟ್ಟೆ ಕಾರ್ಮಿಕರ ಪಗಾರದ ವಿಚಾರಣೆಗೆ ಒಂದು ಸಮಿತಿಯನ್ನು ನೇಮಿಸಿ, ಮರುವರ್ಷ ಅದರ ಶಿಫಾರಸಿನಂತೆ ಪಗಾರ ತುಸು ಏರಿತು.

ಇಷ್ಟರಲ್ಲಿ ಎರಡನೆಯ ಮಹಾಯುದ್ಧ. ಗಿರಣಿಗಳಿಗೆ ಸುಗ್ಗಿ, ಮಗ್ಗದವರಿಗೆ ನೂಲಿನ ಬರ. ನಾನು ಮೊದಲಿಗೆ ಕೈಮಗ್ಗದ ನೇಕಾರನನ್ನು ಗಿರಣಿಯ ವೈರಿಯಂತೆ ಚಿತ್ರಿಸಿದೆ. ಅಷ್ಟರಲ್ಲಿ ಕಾಲ ಬದಲಾಗಿ ಅವನು ಗಿರಣಿಯ ನೂಲನ್ನೇ ನಂಬಿದವನಾಗಿದ್ದ. ರಾಟೆಯ ನೂಲು ಹೋಗಿ ಎಷ್ಟೋ ವರ್ಷಗಳಾಗಿದ್ದವು. ನೂಲಿನ ಲಡಿ ಕಾಳಸಂತೆಗೆ ಹೋಯಿತು. 1943ರಲ್ಲಿ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ಹೊರಟಿತು. ನೂಲಿನ ಪಡಿಗಾಗಿ ನೇಕಾರರು ಸಹಕಾರಿ ಸಂಘಗಳ ಬಾಗಿಲಿನಲ್ಲಿ ಕಾಯುವ ಕಾಲ ಬಂದಿತು. ಕಾದ ದಿನಕ್ಕೆ ಕೂಲಿ ಇಲ್ಲ. ನೇಯ್ದ ಗಜಕ್ಕೆ ಮಾತ್ರ ಕೂಲಿ. ಈ ಸೀಮೆಗೆ ಬಹು ದೂರವಲ್ಲದ ಹುದಲಿಯಲ್ಲಿ ಗಂಗಾಧರರಾವ ದೇಶಪಾಂಡೆಯವರು ಖಾದಿಯ ಕೇಂದ್ರವನ್ನು ಕಟ್ಟಿ, 1937ರಲ್ಲಿ ಗಾಂಧೀಜಿಯವರನ್ನು ಅಲ್ಲಿಗೆ ಕರೆಸಿದ್ದರ ಅರ್ಥ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ನೂಲು ನಮ್ಮ ಮನೆಯಲ್ಲಿಯೇ ಹುಟ್ಟಿದರೆ ಲಂಡನ್ನಿನ ಯುದ್ಧಕ್ಕೆ ನಮ್ಮ ಮಗ್ಗ ಯಾಕೆ ನಿಲ್ಲಬೇಕು ಎಂಬುದು ಅವರ ವಾದ. ಖಾದಿಯ ಕೂಲಿ ಬಹು ಸಣ್ಣದು ಎಂಬುದನ್ನೂ ನಾವು ಮರೆಯಬಾರದು.

1953ರ ಒಂದು ಕಾಯದೆಯ ಮಾತು ಹೇಳದಿದ್ದರೆ ಈ ಕತೆ ಅರ್ಧವಾಗುತ್ತದೆ. ಆ ವರ್ಷ ದೇಶದ ಗಿರಣಿಗಳಲ್ಲಿ ಮಾರಾಟವಾಗದ ಬಟ್ಟೆ ಗುಡ್ಡೆ ಬಿದ್ದಿತು. ಸಾವಿರಾರು ಆಳುಗಳನ್ನು ಕೆಲದಿನ ಕೂರಿಸುವ ಪ್ರಸಂಗ ಬಂದಾಗ, ಸರಕಾರ ಕೈಗಾರಿಕಾ ವಿವಾದಗಳ ಕಾಯದೆಗೆ ತಿದ್ದುಪಡಿ ತಂದು, ಹೀಗೆ ಕೂರಿಸಿದ ದಿನಗಳಿಗೆ ಮೂಲ ಪಗಾರ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಕೊಡತಕ್ಕದ್ದು ಎಂದು ವಿಧಿಸಿತು; ವರ್ಷಕ್ಕೆ ಸಾಮಾನ್ಯವಾಗಿ ನಾಲ್ವತ್ತೈದು ದಿನಗಳ ಮಿತಿ. ದುಡಿಯಲು ಬಂದವನಿಗೆ ಕೆಲಸ ಕೊಡಲಾಗದಿದ್ದರೆ ಅದು ಅವನೊಬ್ಬನ ದುರ್ದೈವವಲ್ಲ, ಅದರ ಭಾರದಲ್ಲಿ ಕಾರಖಾನೆಗೂ ಪಾಲಿದೆ ಎಂದು ಕಾನೂನು ಒಪ್ಪಿತು. ಇದು ಸಣ್ಣ ಮಾತಲ್ಲ. ಆದರೆ ಅದೇ ಕಾಯದೆಯನ್ನು ಇನ್ನೊಮ್ಮೆ ಓದಿದರೆ, ಬದಲಿ ಆಳುಗಳಿಗೂ ತಾತ್ಪೂರ್ತಿಕ ಆಳುಗಳಿಗೂ ಇದು ಸಲ್ಲದೆಂದು ಇದ್ದಿತು. ಐವತ್ತಕ್ಕಿಂತ ಕಡಮೆ ಆಳುಗಳ ಕಾರಖಾನೆಗೂ ಸಲ್ಲದೆಂದು ಇದ್ದಿತು. ಬುತ್ತಿಯನ್ನು ಬಿಚ್ಚದೆ ಮನೆಗೆ ಒಯ್ಯುವ ಆ ಬದಲಿಯವನಿಗೆ ಅರ್ಧ ಪಗಾರವೂ ಇಲ್ಲ. ಬೆಳಗಾವಿ ಜಿಲ್ಲೆ 1956ರ ನವೆಂಬರ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತದ ಊರು ಬದಲಾಯಿತು, ಬದಲಿಯವನ ಸ್ಥಾನ ಬದಲಾಗಲಿಲ್ಲ.

ಆಮೇಲಿನ ದಶಕಗಳಲ್ಲಿ ನೇಯ್ಗೆಯ ಕೆಲಸ ದೊಡ್ಡ ಗಿರಣಿಗಳಿಂದ ಸಣ್ಣ ಸಣ್ಣ ವಿದ್ಯುತ್ ಮಗ್ಗದ ಶೆಡ್ಡುಗಳಿಗೆ ಹರಿಯಿತು. 1982ರ ಜನವರಿಯಲ್ಲಿ ಆರಂಭವಾದ ಮುಂಬಯಿಯ ಮಹಾಮುಷ್ಕರದ ತರುವಾಯ ಅಲ್ಲಿಯ ಅನೇಕ ಗಿರಣಿಗಳು ಮತ್ತೆ ಮೊದಲಿನಂತಾಗಲೇ ಇಲ್ಲ. ಸಣ್ಣ ಶೆಡ್ಡುಗಳಲ್ಲಿ ಐವತ್ತು ಆಳುಗಳು ಎಲ್ಲಿಂದ ಬರಬೇಕು? ನಾಲ್ಕು ಮಗ್ಗ, ಮೂವರು ಆಳು, ಗಜದ ಲೆಕ್ಕದ ಕೂಲಿ. ವಿದ್ಯುತ್ತು ಹೋದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಗಜ ಬೆಳೆಯುವುದಿಲ್ಲ. ಬೇಸಗೆಯ ನಡುರಾತ್ರಿ ವಿದ್ಯುತ್ತು ಬಂದರೆ ಎದ್ದು ನೇಯುವುದು.

ಹುಕ್ಕೇರಿಯವರು ಈ ವಿದ್ಯುತ್ತಿನ ವ್ಯವಹಾರವನ್ನು ತಮ್ಮ ಕೈಗೇ ತೆಗೆದುಕೊಂಡರು ಎಂಬುದು ಹೆಮ್ಮೆಯ ಸಂಗತಿ. ಹೂವಿನ ಕೆರೆಯೇ ಹುಕ್ಕೇರಿಯಾಯಿತು ಎನ್ನುವ ಆ ಹಳೆಯ ಊರಿನಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಅಂಥ ಮೊದಲ ಐದು ಸಂಘಗಳಲ್ಲಿ ಅದೊಂದು. ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 1977ರಲ್ಲಿ ಮುಗಿಯಿತು. ಸುಮಾರು 51 ಟಿಎಂಸಿ ನೀರು ನಿಲ್ಲುವ ಆ ಜಲಾಶಯ ಗೋಕಾಕ, ಮೂಡಲಗಿ ಸೀಮೆಯ ಹೊಲಗಳನ್ನು ಕಬ್ಬಿನ ಗದ್ದೆಗಳನ್ನಾಗಿ ಮಾಡಿತು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರಖಾನೆಯಿಂದ ಮೊದಲುಗೊಂಡು ಒಂದರ ಹಿಂದೊಂದು ಸಕ್ಕರೆ ಕಾರಖಾನೆಗಳು ಎದ್ದವು. ಹತ್ತಿಯ ಸೀಮೆ ಸಕ್ಕರೆಯ ಸೀಮೆಯಾಯಿತು. ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಿದ್ದವರ ಮೊಮ್ಮಕ್ಕಳಿಗೆ ಬೇರೊಂದು ಬಾಗಿಲು ತೆರೆಯಿತು.

ಆ ಬಾಗಿಲಿನಲ್ಲಿಯೂ ಮುಕಾದಮ ಇದ್ದಾನೆ. ಕಬ್ಬು ಕಡಿಯುವ ತಂಡಕ್ಕೆ ಮಳೆಗಾಲದಲ್ಲಿಯೇ ಮುಂಗಡ ಕೊಟ್ಟು ಹಂಗಾಮಿಗೆ ಕರೆತರುವವನು ಅವನೇ. ಗಂಡ ಹೆಂಡಿರ ಜೋಡಿಯನ್ನು ಒಂದೇ ಕೊಯ್ತವೆಂದು ಎಣಿಸುತ್ತಾರೆ. ಹಸುಳೆ ಗದ್ದೆಯ ಬದುವಿನಲ್ಲಿ ಮಲಗಿರುತ್ತದೆ. ಕೂಲಿ ಟನ್ನಿನ ಲೆಕ್ಕ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿ ಗೋಕಾಕ ಪೇಟೆಗೇ ನೀರು ನುಗ್ಗಿದಾಗ ಕಬ್ಬು ಕೊಳೆಯಿತು, ಜಿಲ್ಲೆಯ ಅನೇಕ ಮಗ್ಗದ ಮನೆಗಳಲ್ಲಿ ಹಾಸು ಕೊಚ್ಚೆಯಾಯಿತು. ಅದರಿಂದ ಸುಧಾರಿಸಿಕೊಳ್ಳುವುದರೊಳಗೆ 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿತು.

ಇತ್ತೀಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರೆಯಾಗಿ ತಾಲೂಕಾದ ಮೂಡಲಗಿಯ ಹೆಸರನ್ನು 2025ರ ನವೆಂಬರಿನಲ್ಲಿ ನೀವು ವಾರ್ತೆಗಳಲ್ಲಿ ದಿನವೂ ಕೇಳಿರಬೇಕು. ಆ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3500 ರೂಪಾಯಿ ಬೇಕೆಂದು ಹಗಲಿರುಳು ಕುಳಿತರು. ಕೊನೆಗೆ ಸರಕಾರ ನಡುವೆ ಬಂದು 3300 ರೂಪಾಯಿ ಎಂದು ಗೊತ್ತುಮಾಡಿತು. ಬೆಳೆಗಾರರ ಬೇಡಿಕೆ ನ್ಯಾಯವಾದದ್ದು. ಗೊಬ್ಬರದ ಬೆಲೆ, ಬಾಕಿಯ ಬಿಲ್ಲು, ಸಾಲದ ಬಡ್ಡಿ ಎಲ್ಲವನ್ನೂ ಅವರು ಬಿಡಿಸಿ ಹೇಳಿದರು, ಪತ್ರಿಕೆಗಳೂ ಬರೆದವು. ಹೀಗೆ ಕಬ್ಬು ಅರೆಯುವುದು ನಿಂತ ದಿನಗಳಲ್ಲಿ, ಟನ್ನಿನ ಲೆಕ್ಕದಲ್ಲಿ ಕೂಲಿ ಪಡೆಯುವ ಕಡಿಯುವವರ ತಂಡಗಳಿಗೆ ಟನ್ನೂ ಇಲ್ಲ, ಕೂಲಿಯೂ ಇಲ್ಲ. ಮುಂಗಡದ ಲೆಕ್ಕ ಮಾತ್ರ ಮುಕಾದಮನ ವಹಿಯಲ್ಲಿ ಹಾಗೆಯೇ ಇರುತ್ತದೆ. ಗುಡಿಸಲ ಮುಂದೆ ಎತ್ತುಗಳನ್ನು ಕಟ್ಟಿ, ಒಲೆ ಹೊತ್ತಿಸಿ ಅವರು ಕಾಯುತ್ತಾರೆ, ಕಾರಖಾನೆಯ ಭೋಂಗಾ ಎಂದು ಕೂಗೀತೆಂದು.